ಮೊದಲ ಮೂರು ಪಾಸ್

2021ರ ಜುಲೈ 25, ಟೋಕಿಯೊ ಒಲಿಂಪಿಕ್ಸ್. ಹಿಂದಿನ ದಿನವಷ್ಟೇ ನ್ಯೂಜಿಲೆಂಡ್ ತಂಡವನ್ನು 3–2ರಿಂದ ಸೋಲಿಸಿದ್ದ ಭಾರತದ ಪುರುಷರ ಹಾಕಿ ತಂಡ ಆಸ್ಟ್ರೇಲಿಯಾ ಎದುರು ಕಣಕ್ಕಿಳಿಯಿತು. ಮೊದಲ ಇಪ್ಪತ್ತು ನಿಮಿಷ ಆಟ ಸಮಬಲದ್ದೇ ಆಗಿತ್ತು. ಆಸ್ಟ್ರೇಲಿಯಾ ಒಂದು ಗೋಲಿನಿಂದ ಮುಂದಿತ್ತು, ಅಷ್ಟೆ. ಆಮೇಲೆ 21ನೇ ನಿಮಿಷಕ್ಕೆ ಒಂದು ಗೋಲು, 23ಕ್ಕೆ ಇನ್ನೊಂದು, 26ಕ್ಕೆ ಮತ್ತೊಂದು. ಐದೇ ನಿಮಿಷದಲ್ಲಿ ಪಂದ್ಯ ಮುಗಿದುಹೋಗಿತ್ತು. ಕೊನೆಯ ಫಲಿತಾಂಶ 7–1.

ಆ ಐದು ನಿಮಿಷ ಹೊಸದಾಗಿರಲಿಲ್ಲ. 2010ರ ಅಕ್ಟೋಬರ್ 14ರಂದು ದೆಹಲಿಯ ಮೇಜರ್ ಧ್ಯಾನ್‌ಚಂದ್ ಕ್ರೀಡಾಂಗಣದಲ್ಲಿ, ತವರಿನ ಪ್ರೇಕ್ಷಕರ ಮುಂದೆಯೇ, ಕಾಮನ್‌ವೆಲ್ತ್ ಕ್ರೀಡಾಕೂಟದ ಫೈನಲ್‌ನಲ್ಲಿ ಭಾರತ ಇದೇ ಆಸ್ಟ್ರೇಲಿಯಾಕ್ಕೆ 8–0ಯಿಂದ ಸೋತಿತ್ತು. ಅದೇ ಕೂಟದಲ್ಲಿ ಪಾಕಿಸ್ತಾನವನ್ನು 7–4ರಿಂದ ಬಡಿದಿದ್ದ ತಂಡ ಅದು! 2014ರ ಗ್ಲಾಸ್ಗೊ ಫೈನಲ್‌ನಲ್ಲಿ 4–0. 2022ರ ಬರ್ಮಿಂಗ್‌ಹ್ಯಾಮ್ ಫೈನಲ್‌ನಲ್ಲಿ 7–0. ಹನ್ನೆರಡು ವರ್ಷಗಳ ಅವಧಿಯ ಈ ಮೂರು ಫೈನಲ್‌ಗಳಲ್ಲಿ ಭಾರತ ಹೊಡೆದ ಗೋಲು ಸೊನ್ನೆ, ಬಿಟ್ಟುಕೊಟ್ಟದ್ದು ಹತ್ತೊಂಬತ್ತು. ಎದುರಾಳಿ ಬಲಿಷ್ಠ ಎಂದರೆ ಸೋಲಿಗೆ ಸಮಾಧಾನ ಸಿಕ್ಕೀತು. ಇಂಥ ಕುಸಿತಕ್ಕೆ ಆ ಉತ್ತರ ಸಾಲದು. ಸ್ಟಿಕ್ ಕೈಚಳಕದಲ್ಲಿ ಯಾರಿಗೂ ಕಡಿಮೆಯಿಲ್ಲದ ತಂಡ, ಮೈಮೇಲೆ ಬಿದ್ದು ಆಡುವವರು ಸಿಕ್ಕ ಕೂಡಲೇ ಇಷ್ಟೊಂದು ಕಂಗೆಡುವುದೇಕೆ?

ಹಾಕಿಯವರ ಮಾತಿನಲ್ಲಿ ಹೀಗೆ ಮೈಮೇಲೆ ಬಿದ್ದು ಆಡುವುದಕ್ಕೆ ‘ಪ್ರೆಸ್’ ಎಂದು ಹೆಸರು. ಚೆಂಡು ಎದುರಾಳಿಯ ಕೈಯಲ್ಲಿದ್ದಾಗ ಹಿಂದೆ ಸರಿದು ಕಾಯುವ ಬದಲು ಅವರ ಅಂಗಳಕ್ಕೇ ನುಗ್ಗಿ ಕಸಿದುಕೊಳ್ಳುವ ಪದ್ಧತಿ ಇದು. ನೋಡುವವರಿಗೆ ಇದು ಬರೀ ಓಟ, ಬರೀ ಆವೇಶ ಎನಿಸಬಹುದು. ನಿಜದಲ್ಲಿ ಇದು ಬಲೆ ಬೀಸುವ ಕೆಲಸ. ಮುಂದಿನ ಮೂರು ನಾಲ್ಕು ಫಾರ್ವರ್ಡ್‌ಗಳು ಸಾಲುಗಟ್ಟಿ ನಿಂತು, ಬೇಕೆಂದೇ ಒಂದು ಬದಿಯನ್ನು ತೆರೆದಿಡುತ್ತಾರೆ. ದಾರಿ ಖಾಲಿಯಿದೆ ಎಂದು ಫುಲ್‌ಬ್ಯಾಕ್ ಆ ಕಡೆಗೆ ಪಾಸ್ ಕೊಡುತ್ತಾನೆ. ಚೆಂಡು ಅಂಚಿನ ಗೆರೆಯ ಬಳಿ ಹೋದದ್ದೇ ತಡ, ಒಬ್ಬ ಫಾರ್ವರ್ಡ್ ಬಿಲ್ಲಿನಂತೆ ಬಾಗಿ ಓಡಿಬಂದು ವಾಪಸ್ ಪಾಸಿನ ದಾರಿ ಮುಚ್ಚುತ್ತಾನೆ, ಇನ್ನೊಬ್ಬ ನೆಟ್ಟಗೆ ಮೇಲೇರಿ ಬರುತ್ತಾನೆ, ಮಿಡ್‌ಫೀಲ್ಡ್‌ನಲ್ಲಿ ಚೆಂಡು ಕೇಳುತ್ತಿದ್ದವನ ಬೆನ್ನಿಗೆ ಮತ್ತೊಬ್ಬ ಅಂಟಿಕೊಳ್ಳುತ್ತಾನೆ. ಅಂಚಿನ ಗೆರೆಯೇ ಮತ್ತೊಬ್ಬ ಕಾವಲುಗಾರ. ಚೆಂಡು ಹಿಡಿದವನಿಗೆ ಆಗ ಉಳಿಯುವುದು ಸೆಕೆಂಡೊಂದಷ್ಟು ಹೊತ್ತು. ಹಾಕಿ ಸ್ಟಿಕ್‌ನ ಒಂದೇ ಮುಖ ಚಪ್ಪಟೆ, ಆಡಬೇಕಾದದ್ದು ಅದರಿಂದಲೇ. ಕಾಲ್ಚೆಂಡಾಟಗಾರನ ಹಾಗೆ ಯಾವ ಪಾದದಿಂದ ಬೇಕಾದರೂ ಹೊರಳಿ ಪಾರಾಗುವ ಸೌಕರ್ಯ ಇಲ್ಲಿಲ್ಲ.

ಹೀಗೆ ಕಳೆದುಕೊಂಡ ಚೆಂಡು ಬೆಲೆ ಕೇಳದೆ ಬಿಡುವುದಿಲ್ಲ. ನಡುಗೆರೆಯ ಬಳಿ ಚೆಂಡು ಹೋದರೆ ಹಿಂದೆ ಇನ್ನೂ ಆರೇಳು ಮಂದಿ ಇರುತ್ತಾರೆ. ತನ್ನದೇ 23 ಮೀಟರ್ ಗೆರೆಯೊಳಗೆ ಹೋದರೆ ಡಿ ವೃತ್ತ ಕೂಗಳತೆಯಲ್ಲಿರುತ್ತದೆ. ಆ ಗಳಿಗೆಯಲ್ಲಿ ಬ್ಯಾಕ್‌ಗಳು ಪಾಸ್ ಪಡೆಯಲೆಂದು ಅಗಲವಾಗಿ ಹರಡಿಕೊಂಡಿರುತ್ತಾರೆ, ಗೋಲಿನ ಮುಂದಿನ ಜಾಗ ಬಟಾಬಯಲು. ಗೋಲು ತಪ್ಪಿದರೂ ಗಾಬರಿಯಲ್ಲಿ ಚೆಂಡು ಯಾರದೋ ಕಾಲಿಗೆ ತಗುಲುತ್ತದೆ, ಪೆನಾಲ್ಟಿ ಕಾರ್ನರ್ ಸಿಗುತ್ತದೆ. ಗೋಲ್‌ಕೀಪರ್ ಸೇರಿ ಐವರಷ್ಟೇ ನಿಂತು ಡ್ರ್ಯಾಗ್ ಫ್ಲಿಕ್ ತಡೆಯಬೇಕು. ಅದೇ ಟೋಕಿಯೊದ ಸೆಮಿಫೈನಲ್‌ನಲ್ಲಿ ಬೆಲ್ಜಿಯಂ ಎದುರು ನಡೆದದ್ದು ಇದೇ. ಮೊದಲ ಕ್ವಾರ್ಟರ್ ಮುಗಿದಾಗ ಭಾರತ 2–1ರಿಂದ ಮುಂದಿತ್ತು. ಬೆಲ್ಜಿಯಂ ಆಟಗಾರರು ಮತ್ತೆ ಮತ್ತೆ ವೃತ್ತಕ್ಕೆ ನುಗ್ಗಿ ಕಾರ್ನರ್ ಮೇಲೆ ಕಾರ್ನರ್ ಗಿಟ್ಟಿಸಿದರು. ಅಲೆಕ್ಸಾಂಡರ್ ಹೆಂಡ್ರಿಕ್ಸ್ ಹ್ಯಾಟ್ರಿಕ್ ಹೊಡೆದರು. ಪಂದ್ಯ 5–2ಕ್ಕೆ ಕೈತಪ್ಪಿತು.

ಈ ತೊಂದರೆಯ ಬೇರು ಹುಡುಕಿದರೆ ಎಲ್ಲ ದಾರಿಗಳೂ 1976ರ ಮಾಂಟ್ರಿಯಲ್‌ಗೆ ಹೋಗಿ ನಿಲ್ಲುತ್ತವೆ. ಅದಕ್ಕೆ ನಾಲ್ಕು ವರ್ಷ ಮೊದಲು, 1972ರ ಮ್ಯೂನಿಕ್‌ನಲ್ಲಿ, ಭಾರತ ಆಸ್ಟ್ರೇಲಿಯಾವನ್ನು 3–1ರಿಂದ ಸೋಲಿಸಿತ್ತು. ಕಂಚು ಗೆದ್ದ ಆ ತಂಡದಲ್ಲಿ ಕೊಡಗಿನ ಇಬ್ಬರಿದ್ದರು: ಎಂ.ಪಿ. ಗಣೇಶ್ ಮತ್ತು ಬಿ.ಪಿ. ಗೋವಿಂದ. 1975ರಲ್ಲಿ ಕ್ವಾಲಾಲಂಪುರದಲ್ಲಿ ವಿಶ್ವಕಪ್ಪೂ ಬಂತು. ಮರುವರ್ಷ ಒಲಿಂಪಿಕ್ಸ್ ಹಾಕಿ ಮೊದಲ ಬಾರಿಗೆ ಕೃತಕ ಹಾಸಿನ ಮೇಲೆ ನಡೆಯಿತು. ವಿಶ್ವ ಚಾಂಪಿಯನ್ ಭಾರತ ಆಸ್ಟ್ರೇಲಿಯಾಕ್ಕೆ 6–1ರಿಂದ ಸೋತು ಕೊನೆಗೆ ಏಳನೇ ಸ್ಥಾನಕ್ಕಿಳಿಯಿತು. ಮ್ಯೂನಿಕ್‌ನ ಗೆಲುವಿಗೂ ಮಾಂಟ್ರಿಯಲ್‌ನ ಪತನಕ್ಕೂ ಗೋವಿಂದ ಆಟಗಾರರಾಗಿಯೇ ಸಾಕ್ಷಿಯಾದರು. ನಾಲ್ಕು ವರ್ಷದಲ್ಲಿ ಆಟಗಾರರ ಕೈ ಮರಗಟ್ಟಿರಲಿಲ್ಲ. ಕಾಲಕೆಳಗಿನ ನೆಲವೇ ಬದಲಾಗಿತ್ತು.

ಹುಲ್ಲು ಮೈದಾನದಲ್ಲಿ ಚೆಂಡು ಪುಟಿಯುತ್ತ, ತಡವರಿಸುತ್ತ ಬರುತ್ತದೆ. ಅದನ್ನು ಮೊದಲು ಹದಕ್ಕೆ ತಂದುಕೊಂಡು, ತಲೆ ಎತ್ತಿ ನೋಡಿ, ಎದುರಿಗೆ ಬಂದವನನ್ನು ಕೈಚಳಕದಿಂದ ದಾಟುವುದು ಉಪಖಂಡದ ಹಾಕಿಯ ಸೊಗಸು. ಎದುರಾಳಿ ಓಡಿಬರುವ ಹೊತ್ತಿಗೆ ಬ್ಯಾಕ್‌ಗೆ ಒಂದು ಉಸಿರಿನ ಬಿಡುವು ಸಿಗುತ್ತಿತ್ತು. ನೀರು ಚಿಮುಕಿಸಿದ ಟರ್ಫ್‌ನಲ್ಲಿ ಆ ಬಿಡುವಿಲ್ಲ. ಚೆಂಡು ಜಾರುವ ವೇಗಕ್ಕೆ ಸರಿಯಾಗಿ ಓಡುತ್ತಲೇ ಚೆಂಡು ಪಡೆಯಬೇಕು, ಪಡೆಯುವ ಮೊದಲೇ ಮುಂದಿನ ಪಾಸ್ ತೀರ್ಮಾನವಾಗಿರಬೇಕು.

ನೆಲವೊಂದೇ ಅಲ್ಲ, ನಿಯಮಗಳೂ ಪ್ರೆಸ್ ಆಡುವವರ ಕೈ ಹಿಡಿದವು. 1990ರ ದಶಕದ ಆರಂಭದಲ್ಲಿ ಆಟಗಾರರನ್ನು ಎಷ್ಟು ಸಲ ಬೇಕಾದರೂ ಬದಲಿಸುವ ಅವಕಾಶ ಬಂತು. ಫಾರ್ವರ್ಡ್ ಒಬ್ಬ ಕೆಲವೇ ನಿಮಿಷ ಜೀವ ಬಿಟ್ಟು ಓಡಿ, ಬೆಂಚಿನಲ್ಲಿ ಸುಧಾರಿಸಿಕೊಂಡು, ಮತ್ತೆ ಬಂದು ಅಷ್ಟೇ ವೇಗದಲ್ಲಿ ಮೈಮೇಲೆ ಬೀಳಬಹುದಾಯಿತು. ಆ ದಶಕದ ಕೊನೆಗೆ ಆಫ್‌ಸೈಡ್ ನಿಯಮ ಹೋಯಿತು. 2009ರಲ್ಲಿ ಫ್ರೀಹಿಟ್ ಪಡೆದವನೇ ಚೆಂಡನ್ನು ಮುಂದೊಯ್ಯುವ ಸೆಲ್ಫ್ ಪಾಸ್ ಬಂದು, ಆಟ ನಿಂತು ಉಸಿರಾಡುತ್ತಿದ್ದ ಗಳಿಗೆಗಳೂ ಮಾಯವಾದವು. ಆಮೇಲೆ 35 ನಿಮಿಷಗಳ ಎರಡು ಅವಧಿಗಳ ಜಾಗದಲ್ಲಿ 15 ನಿಮಿಷಗಳ ನಾಲ್ಕು ಕ್ವಾರ್ಟರ್ ಬಂದವು. ಹದಿನೈದು ನಿಮಿಷ ಪೂರ್ತಿ ದಮ್ಮು ಹಾಕಿ ಓಡು, ಎರಡು ನಿಮಿಷ ನೀರು ಕುಡಿ, ಮತ್ತೆ ಓಡು. ಪ್ರೆಸ್ ಆಡುವವರಿಗೆ ಇದಕ್ಕಿಂತ ಅನುಕೂಲ ಬೇಕೆ?

ಈ ಎಲ್ಲವನ್ನೂ ಒಟ್ಟುಗೂಡಿಸಿ ಒಂದು ಆಟದ ಪದ್ಧತಿಯನ್ನಾಗಿ ಕಟ್ಟಿದವರಲ್ಲಿ ಆಸ್ಟ್ರೇಲಿಯಾದ ರಿಕ್ ಚಾರ್ಲ್ಸ್‌ವರ್ತ್ ಹೆಸರು ಮುಂಚೂಣಿಯದು. ವೈದ್ಯ, ಸಂಸದ, ವೆಸ್ಟರ್ನ್ ಆಸ್ಟ್ರೇಲಿಯಾ ಪರ ಕ್ರಿಕೆಟ್ ಆಡಿದವರು. ಇಷ್ಟೆಲ್ಲ ಆಗಿಯೂ ಮೊದಲಿಗೆ ಹಾಕಿಯವರು. 2008ರಲ್ಲಿ ಅವರು ಕೆಲಕಾಲ ಭಾರತದ ಹಾಕಿಗೆ ತಾಂತ್ರಿಕ ಸಲಹೆಗಾರರಾಗಿದ್ದರು. ಆ ಸಂಬಂಧ ಬೇಗ ಮುರಿಯಿತು. 2009ರಲ್ಲಿ ಅವರು ಆಸ್ಟ್ರೇಲಿಯಾ ಪುರುಷರ ತಂಡದ ಕೋಚ್ ಆದರು, 2010ರಲ್ಲಿ ದೆಹಲಿಯಲ್ಲೇ ವಿಶ್ವಕಪ್ ಗೆದ್ದರು, ಅದೇ ವರ್ಷ ಅದೇ ಊರಿನಲ್ಲಿ ಭಾರತವನ್ನು 8–0ಯಿಂದ ಸೋಲಿಸಿದ ತಂಡವೂ ಅವರದೇ. ಅಂಥವರನ್ನು ಉಳಿಸಿಕೊಳ್ಳಲಾಗದೇ ಹೋದದ್ದು ಭಾರತದ ಹಾಕಿ ಮಾಡಿಕೊಂಡ ದೊಡ್ಡ ನಷ್ಟಗಳಲ್ಲೊಂದು.

ಕೋಚ್‌ಗಳು ಬಂದುಹೋಗುವುದು ಅಲ್ಲಿಗೇ ನಿಲ್ಲಲಿಲ್ಲ. ಸ್ಪೇನಿನ ಹೋಸೆ ಬ್ರಾಸಾ, ಆಸ್ಟ್ರೇಲಿಯಾದ ಮೈಕೆಲ್ ನಾಬ್ಸ್, ಟೆರಿ ವಾಲ್ಷ್, ನೆದರ್‌ಲ್ಯಾಂಡ್ಸ್‌ನ ಪಾಲ್ ವಾನ್ ಆಸ್, ರೋಲಂಟ್ ಓಲ್ಟ್‌ಮನ್ಸ್, ಶೊರ್ಡ್ ಮರೈನ್, ನಡುವೆ ನಮ್ಮವರೇ ಆದ ಹರೇಂದ್ರ ಸಿಂಗ್, ಆಮೇಲೆ ಮತ್ತೆ ಆಸ್ಟ್ರೇಲಿಯಾದ ಗ್ರಹಾಂ ರೀಡ್. ಒಬ್ಬರು ಮುನ್ನುಗ್ಗಿ ಆಡಿ ಎಂದರು, ಇನ್ನೊಬ್ಬರು ಚೆಂಡನ್ನು ಹಿಡಿದಿಟ್ಟುಕೊಳ್ಳಿ ಎಂದರು. ಪ್ರೆಸ್‌ಗೆ ಉತ್ತರ ಒಬ್ಬನ ಕೈಯಲ್ಲಿಲ್ಲ. ಚೆಂಡು ಇಲ್ಲದ ಹತ್ತು ಮಂದಿ ಎಲ್ಲೆಲ್ಲಿಗೆ ಸರಿಯಬೇಕು ಎಂಬ ಒಪ್ಪಂದದಲ್ಲಿದೆ. ಅದು ಮೈಗೂಡಲು ವರ್ಷಗಳೇ ಬೇಕು. ಭಾಷೆಯೇ ಬದಲಾಗುತ್ತಿದ್ದರೆ ವಾಕ್ಯ ಕಟ್ಟುವುದು ಯಾವಾಗ?

ಹಾಗೆಂದು ಆ ವರ್ಷಗಳೆಲ್ಲ ವ್ಯರ್ಥವೆನ್ನಲಾಗದು. 2014ರ ನವೆಂಬರ್‌ನಲ್ಲಿ, ವಾಲ್ಷ್ ತಂಡ ಬಿಟ್ಟ ಸುಮಾರಿಗೆ, ಭಾರತ ಪರ್ತ್‌ನಲ್ಲಿ ಆಸ್ಟ್ರೇಲಿಯಾವನ್ನು ಅದರ ನೆಲದಲ್ಲೇ 3–1ರಿಂದ ಸರಣಿಯಲ್ಲಿ ಸೋಲಿಸಿತು. 2016ರ ಲಂಡನ್ ಚಾಂಪಿಯನ್ಸ್ ಟ್ರೋಫಿ ಫೈನಲ್‌ನಲ್ಲಿ ಆಸ್ಟ್ರೇಲಿಯಾಕ್ಕೆ ಗೋಲೇ ಬಿಟ್ಟುಕೊಡದೆ 0–0 ಆಡಿತು. ಅದೇ ಟ್ರೋಫಿಯ 2018ರ ಬ್ರೆಡಾ ಫೈನಲ್‌ನಲ್ಲಿ 1–1. ಎರಡೂ ಸಲ ಸೋತದ್ದು ಶೂಟೌಟ್‌ನಲ್ಲಿ. ಆ ಕಾಲದ ತಂಡಕ್ಕೆ ಒಂದು ದೊಡ್ಡ ಆಸರೆ ಸೋಮವಾರಪೇಟೆಯ ಎಸ್.ವಿ. ಸುನಿಲ್ ಅವರ ಓಟ. ಪ್ರೆಸ್ ಆಡುವ ತಂಡ ಮೇಲೇರಿದಷ್ಟೂ ಅದರ ಬೆನ್ನ ಹಿಂದೆ ಜಾಗ ತೆರೆಯುತ್ತದೆ. ಆ ಜಾಗಕ್ಕೆ ಒಂದು ಉದ್ದನೆಯ ಪಾಸ್ ಬಿದ್ದರೆ, ಹಿಂದಟ್ಟಿ ಬರುವವರಿಗೆ ಸುನಿಲ್ ಸಿಗುತ್ತಿರಲಿಲ್ಲ. ವೇಗದ ಒಬ್ಬ ಫಾರ್ವರ್ಡ್ ಇದ್ದರೆ ಸಾಕು, ಎದುರಾಳಿಯ ಬ್ಯಾಕ್‌ಗಳು ಮೇಲೇರಲು ಹಿಂದೆಮುಂದೆ ನೋಡುತ್ತಾರೆ. ಹಿಂದಿನ ಸಾಲಿನಲ್ಲಿ ಕೊಡಗಿನವರೇ ಆದ ವಿ.ಆರ್. ರಘುನಾಥ್ ಇದ್ದರು.

ಇಷ್ಟಾದರೂ ಒಂದು ಹುಣ್ಣು ಮಾಯಲಿಲ್ಲ. ಅದು ಕೊನೆಯ ಗಳಿಗೆಯ ಗೋಲು. 2016ರ ರಿಯೊದಲ್ಲಿ ಜರ್ಮನಿ ಎದುರು 1–1 ಇದ್ದ ಪಂದ್ಯ, ಮುಗಿಯಲು ಮೂರು ಸೆಕೆಂಡ್ ಇರುವಾಗ ಕ್ರಿಸ್ಟೊಫರ್ ರೂರ್ ಗೋಲಿನಿಂದ ಕೈಜಾರಿತು. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕೂಟದಲ್ಲಿ ಪಾಕಿಸ್ತಾನ ಕೊನೆಯ ಸೆಕೆಂಡುಗಳಲ್ಲಿ 2–2 ಮಾಡಿತು. ಅದೇ ವರ್ಷ ಜಕಾರ್ತ ಏಷ್ಯನ್ ಗೇಮ್ಸ್ ಸೆಮಿಫೈನಲ್‌ನಲ್ಲಿ ಮಲೇಷ್ಯಾ 59ನೇ ನಿಮಿಷದಲ್ಲಿ ಸಮ ಮಾಡಿ ಶೂಟೌಟ್‌ನಲ್ಲಿ ಗೆದ್ದಿತು. 2022ರ ಬರ್ಮಿಂಗ್‌ಹ್ಯಾಮ್‌ನಲ್ಲಿ ಇಂಗ್ಲೆಂಡ್ ಎದುರು 4–1 ಇದ್ದದ್ದು 4–4 ಆಯಿತು. 2023ರ ಭುವನೇಶ್ವರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ಎದುರು 3–1 ಇದ್ದದ್ದು 3–3 ಆಗಿ, ಶೂಟೌಟ್‌ನಲ್ಲಿ ಸೋತು, ತವರಿನ ವಿಶ್ವಕಪ್ ಕ್ವಾರ್ಟರ್‌ಫೈನಲ್‌ಗೂ ಮೊದಲೇ ಮುಗಿಯಿತು. ಅದರ ಬೆನ್ನಿಗೇ ರೀಡ್ ರಾಜೀನಾಮೆ ಕೊಟ್ಟರು.

ದೇಹದಾರ್ಢ್ಯದ ಕೊರತೆ ಎಂದು ಹೇಳುವ ಅಭ್ಯಾಸ ಹಿಂದಿನಿಂದಲೂ ಇದೆ. ಒಂದು ಕಾಲಕ್ಕೆ ಅದು ನಿಜವೂ ಆಗಿತ್ತು. ಆದರೆ ಬೆಂಗಳೂರಿನ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ ವರ್ಷಗಟ್ಟಲೆ ಶಿಬಿರ ನಡೆಸಿ, 2020ರ ಲಾಕ್‌ಡೌನ್‌ನಲ್ಲೂ ಅಲ್ಲೇ ಉಳಿದು ತಯಾರಾದ ತಂಡಕ್ಕೆ ಆ ಮಾತು ಅನ್ವಯಿಸುವುದಿಲ್ಲ. ಟೋಕಿಯೊದ ಬೇಗೆಯಲ್ಲಿ ಎಂಟು ಪಂದ್ಯ ಆಡಿ, ಕೊನೆಯದರಲ್ಲಿ ಜರ್ಮನಿ ಎದುರು 1–3ರಿಂದ ಹಿಂದೆ ಬಿದ್ದೂ 5–4ರಿಂದ ಗೆದ್ದು, 41 ವರ್ಷಗಳ ನಂತರ ಪದಕ ತಂದವರು ಅವರು. ಕಾಲಿನಲ್ಲಿ ಕಸುವಿತ್ತು. ಕೈಕೊಡುತ್ತಿದ್ದುದು ಒತ್ತಡದಲ್ಲಿ ಬಿಗಿಯಾಗುವ ತೀರ್ಮಾನ. ಗೋಲು ಬಿಟ್ಟುಕೊಟ್ಟ ಮರುಕ್ಷಣವೇ ಅದನ್ನು ತೀರಿಸಿಬಿಡಬೇಕೆಂದು ಒಬ್ಬೊಬ್ಬನೇ ಚೆಂಡು ತೆಗೆದುಕೊಂಡು ಓಡುವುದು, ನಡುವೆ ಸಿಕ್ಕಿಬೀಳುವುದು, ಇನ್ನೊಂದು ಗೋಲು ಬಿಟ್ಟುಕೊಡುವುದು. 21, 23, 26ನೇ ನಿಮಿಷಗಳ ಕಥೆ ಇದೇ. ಮುಂದಿದ್ದಾಗ ಇದರ ತಲೆಕೆಳಗಾದ ರೂಪ ಕಾಣುತ್ತಿತ್ತು. ಚೆಂಡು ಸಿಕ್ಕಿದ ಕೂಡಲೇ ಕಣ್ಣುಮುಚ್ಚಿ ದೂರಕ್ಕೆ ಬಾರಿಸುವುದು, ಅದು ಮತ್ತೆ ತಿರುಗಿ ಮೈಮೇಲೆ ಬರುವುದು.

2023ರಲ್ಲಿ ಬಂದ ದಕ್ಷಿಣ ಆಫ್ರಿಕಾದ ಕ್ರೇಗ್ ಫುಲ್ಟನ್ ಕೈಹಾಕಿದ್ದು ಇಲ್ಲಿಗೆ. ಐರ್ಲೆಂಡ್ ತಂಡವನ್ನು ರಿಯೊ ಒಲಿಂಪಿಕ್ಸ್‌ವರೆಗೆ ಒಯ್ದವರು, ಟೋಕಿಯೊದಲ್ಲಿ ಚಿನ್ನ ಗೆದ್ದ ಬೆಲ್ಜಿಯಂನ ಸಹಾಯಕ ಕೋಚ್ ಆಗಿದ್ದವರು. ಎಂದರೆ ಭಾರತವನ್ನು ಒತ್ತಿ ಹಿಡಿದ ತಂಡದ ಒಳಗುಟ್ಟು ಬಲ್ಲವರು. ಗೆಲ್ಲಬೇಕಾದರೆ ಮೊದಲು ಚೆನ್ನಾಗಿ ತಡೆಯಿರಿ ಎಂಬುದು ಅವರ ಮಂತ್ರವಾಯಿತು. ಮನಸ್ಸಿನ ತಯಾರಿಗೆ ಪ್ಯಾಡಿ ಅಪ್ಟನ್ ಬಂದರು. ದಾಳಿಯೇ ತಮ್ಮ ಹುಟ್ಟುಗುಣ ಎಂದು ನಂಬಿದ್ದ ಹಾಕಿ ಪ್ರಿಯರಿಗೆ ಈ ಮಂತ್ರ ರುಚಿಸಲಿಲ್ಲ. 2024ರ ಏಪ್ರಿಲ್‌ನಲ್ಲಿ ಪರ್ತ್‌ನಲ್ಲಿ ಆಸ್ಟ್ರೇಲಿಯಾ ಐದಕ್ಕೆ ಐದೂ ಪಂದ್ಯ ಗೆದ್ದಾಗ ಗೊಣಗಾಟ ಇನ್ನೂ ಜೋರಾಯಿತು.

ಆ ಸರಣಿಯ ಅಂಕಿಗಳನ್ನು ಸಾವಧಾನವಾಗಿ ನೋಡಿದವರಿಗೆ ಬೇರೊಂದು ಸಂಗತಿ ಕಾಣುತ್ತಿತ್ತು. 5–1, 4–2, 2–1, 3–1, 3–2. ಮೊದಲ ಪಂದ್ಯ ಬಿಟ್ಟರೆ ಎಲ್ಲೂ ಕುಸಿತವಿಲ್ಲ, ಮೂರನೆಯದೂ ಐದನೆಯದೂ ಒಂದೇ ಗೋಲಿನ ಅಂತರದವು. ಒಲಿಂಪಿಕ್ಸ್‌ಗೆ ನಾಲ್ಕು ತಿಂಗಳಿರುವಾಗ ಜಗತ್ತಿನ ಅತಿ ಕಠಿಣ ಪ್ರೆಸ್ ಎದುರು ಒಂದೇ ವಾರದ ಆಸುಪಾಸಿನಲ್ಲಿ ಐದು ಸಲ ನಿಂತು ಸೋತು ಕಲಿಯುವುದು, ದುರ್ಬಲ ತಂಡಗಳ ಮೇಲೆ ಗೋಲು ಪೇರಿಸಿ ಬೀಗುವುದಕ್ಕಿಂತ ಎಷ್ಟೋ ಮೇಲು.

2024ರ ಆಗಸ್ಟ್ 2ರಂದು ಪ್ಯಾರಿಸ್‌ನಲ್ಲಿ ಅದರ ಫಲ ಸಿಕ್ಕಿತು. 12ನೇ ನಿಮಿಷದಲ್ಲಿ ಅಭಿಷೇಕ್, ಮರುನಿಮಿಷವೇ ಪೆನಾಲ್ಟಿ ಕಾರ್ನರ್‌ನಲ್ಲಿ ಹರ್ಮನ್‌ಪ್ರೀತ್ ಸಿಂಗ್, 32ನೇ ನಿಮಿಷದಲ್ಲಿ ಪೆನಾಲ್ಟಿ ಸ್ಟ್ರೋಕ್‌ನಲ್ಲಿ ಮತ್ತೆ ಹರ್ಮನ್‌ಪ್ರೀತ್. ಆಸ್ಟ್ರೇಲಿಯಾ ಪರ 25ನೇ ನಿಮಿಷದಲ್ಲಿ ಟಾಮ್ ಕ್ರೇಗ್, 55ರಲ್ಲಿ ಬ್ಲೇಕ್ ಗೋವರ್ಸ್. 3–2. ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ 52 ವರ್ಷಗಳ ನಂತರ, ಗಣೇಶ್–ಗೋವಿಂದರ ಮ್ಯೂನಿಕ್ ನಂತರ, ಭಾರತಕ್ಕೆ ದಕ್ಕಿದ ಗೆಲುವು ಅದು. ಅಂದು ಭಾರತ ಪ್ರೆಸ್ ಅನ್ನು ಸೀಳಿಕೊಂಡು ಹೋಗುವ ಹಟ ಹಿಡಿಯಲಿಲ್ಲ. ಬ್ಯಾಕ್‌ಗಳು ಬಲೆಯೊಳಗೆ ಪಾಸ್ ಹಾಕುವ ಬದಲು ಚೆಂಡನ್ನು ಸ್ಕೂಪ್ ಮಾಡಿ ತಲೆಯ ಮೇಲಿಂದ ದಾಟಿಸಿದರು. ಮುನ್ನುಗ್ಗಿದ್ದ ಆಸ್ಟ್ರೇಲಿಯಾದ ಸಾಲು ತಿರುಗಿ ಓಡಬೇಕಾಯಿತು. ದಾರಿ ಸಿಗದಿದ್ದಾಗ ಚೆಂಡನ್ನು ಮತ್ತೆ ಹಿಂದಕ್ಕೆ ಕೊಟ್ಟು ತಾಳ್ಮೆಯಿಂದ ಕಾದರು. ಇನ್ನೂ ಐದು ನಿಮಿಷ ಇರುವಾಗ ಗೋವರ್ಸ್ ಗೋಲು ಬಿದ್ದಾಗ ಹಳೆಯ ಪಂದ್ಯಗಳನ್ನು ನೋಡಿದ್ದ ಯಾರಿಗಾದರೂ ಎದೆ ಧಸಕ್ಕೆಂದಿರಬೇಕು. ಆ ಐದು ನಿಮಿಷ ಏನೂ ಆಗಲಿಲ್ಲ. ಭಾರತದ ಹಾಕಿಯಲ್ಲಿ ಏನೂ ಆಗದ ಐದು ನಿಮಿಷಕ್ಕಾಗಿ ಎಷ್ಟು ವರ್ಷ ಕಾಯಬೇಕಾಯಿತು!

ಎರಡು ದಿನಗಳ ನಂತರದ ಕ್ವಾರ್ಟರ್‌ಫೈನಲ್ ಇನ್ನೂ ದೊಡ್ಡ ಸಾಕ್ಷಿ. ಬ್ರಿಟನ್ ಎದುರು 17ನೇ ನಿಮಿಷದಲ್ಲೇ ಅಮಿತ್ ರೋಹಿದಾಸ್‌ಗೆ ಕೆಂಪು ಕಾರ್ಡ್. ಉಳಿದ ನಲವತ್ತಕ್ಕೂ ಹೆಚ್ಚು ನಿಮಿಷ ಹತ್ತೇ ಮಂದಿ. ಹನ್ನೊಂದು ಮಂದಿ ಅಲೆ ಅಲೆಯಾಗಿ ನುಗ್ಗಿಬಂದರೂ ಹತ್ತು ಮಂದಿ ಸಾಲು ಕದಡದಂತೆ, ಬಲೆ ನೇಯ್ದ ಹಾಗೆ ಅತ್ತಿತ್ತ ಸರಿಯುತ್ತ ನಿಂತರು, ಹಿಂದೆ ಗೋಲ್‌ಕೀಪರ್ ಪಿ.ಆರ್. ಶ್ರೀಜೇಶ್. 1–1, ಶೂಟೌಟ್‌ನಲ್ಲಿ 4–2. ಟೋಕಿಯೊದ ಆ ಐದು ನಿಮಿಷದ ತಂಡ ಇದೇ ಎಂದರೆ ನಂಬುವುದು ಕಷ್ಟ. ಸೆಮಿಫೈನಲ್‌ನಲ್ಲಿ ಜರ್ಮನಿ 54ನೇ ನಿಮಿಷದ ಗೋಲಿನಿಂದ 3–2ಕ್ಕೆ ಗೆದ್ದಿತು, ನಿಜ. ರೋಹಿದಾಸ್ ಅಮಾನತಾಗಿ ಆ ಪಂದ್ಯದಲ್ಲಿರಲಿಲ್ಲ. ಸ್ಪೇನ್ ವಿರುದ್ಧ 2–1ರ ಗೆಲುವಿನೊಂದಿಗೆ ಸತತ ಎರಡನೇ ಕಂಚು ಬಂತು, ಶ್ರೀಜೇಶ್ ಗೌರವದಿಂದ ವಿದಾಯ ಹೇಳಿದರು.

ರೋಗ ವಾಸಿಯಾಯಿತೇ? 2025ರ ಜೂನ್‌ನಲ್ಲಿ ಪ್ರೊ ಲೀಗ್‌ನ ಯುರೋಪ್ ಪಂದ್ಯಗಳಲ್ಲಿ ಭಾರತ ಸತತ ಏಳು ಸೋಲು ಕಂಡಿತು. ಅವುಗಳಲ್ಲಿ ಆರು ಒಂದೇ ಗೋಲಿನ ಅಂತರದವು. ಆಸ್ಟ್ರೇಲಿಯಾ ಎದುರಿನ ಎರಡೂ 3–2. ಬೆಲ್ಜಿಯಂ ಎದುರು ಮಾತ್ರ 6–3. ಎಂಟು ಗೋಲಿನ ಕಾಲ ಮುಗಿದಿದೆ, ಒಂದು ಗೋಲಿನ ಕಾಲ ಮುಗಿದಿಲ್ಲ. ಸೆಪ್ಟೆಂಬರ್‌ನಲ್ಲಿ ರಾಜಗಿರ್‌ನ ಏಷ್ಯಾ ಕಪ್ ಫೈನಲ್‌ನಲ್ಲಿ ದಕ್ಷಿಣ ಕೊರಿಯಾವನ್ನು 4–1ರಿಂದ ಸೋಲಿಸಿದ್ದು ಸಂತೋಷದ ಸಂಗತಿಯೇ. ಆದರೆ ಏಷ್ಯಾದಲ್ಲಿ ಪ್ರೆಸ್ ಆಡುವವರು ಭಾರತದವರೇ. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಪಾಕಿಸ್ತಾನವನ್ನು 10–2ರಿಂದ ಹಣಿದದ್ದು ಹೀಗೆಯೇ ಮೇಲೆ ಬಿದ್ದು ಆಡಿ. ಒತ್ತಡ ಹೇರುವುದು ಬಂದಿದೆ. ಹೊರುವ ಅಭ್ಯಾಸ ವರ್ಷಕ್ಕೆ ಕೆಲವೇ ಪಂದ್ಯಗಳಲ್ಲಿ ಸಿಗುತ್ತದೆ.

ವ್ಯತ್ಯಾಸ ಇರುವುದು ಇಲ್ಲೇ. ನೆದರ್‌ಲ್ಯಾಂಡ್ಸ್, ಬೆಲ್ಜಿಯಂ, ಜರ್ಮನಿಗಳಲ್ಲಿ ಕ್ಲಬ್ ಲೀಗ್ ತಿಂಗಳುಗಟ್ಟಲೆ, ವಾರ ವಾರವೂ ನಡೆಯುತ್ತದೆ. ಅಲ್ಲಿನ ಹದಿನೆಂಟರ ಹುಡುಗ ರಾಷ್ಟ್ರೀಯ ತಂಡಕ್ಕೆ ಬರುವ ಹೊತ್ತಿಗೆ ಮೈಮೇಲೆ ಬಿದ್ದು ಆಡುವವರ ನಡುವೆ ನೂರಾರು ಸಲ ಚೆಂಡು ಪಡೆದಿರುತ್ತಾನೆ. ಭಾರತದಲ್ಲಿ ಹಾಕಿ ಇಂಡಿಯಾ ಲೀಗ್ 2013ರಲ್ಲಿ ಹುಟ್ಟಿ, 2017ರ ನಂತರ ನಿಂತುಹೋಗಿ, ಮತ್ತೆ ಶುರುವಾದದ್ದು 2024ರ ಡಿಸೆಂಬರ್‌ನಲ್ಲಿ. ನಡುವೆ ಕಳೆದ ಏಳು ವರ್ಷ ಒಂದು ತಲೆಮಾರಿನ ಆಟಗಾರರ ಕಲಿಕೆಯ ವರ್ಷಗಳು. ಶಾಲೆ, ಕಾಲೇಜು, ಇಲಾಖೆಗಳ ತಂಡಗಳು ಆಡುವ ಟೂರ್ನಿಗಳು ಒಂದೆರಡು ವಾರದಲ್ಲಿ ಮುಗಿಯುತ್ತವೆ. ಮಕ್ಕಳು ಮಣ್ಣಿನ ಅಂಗಳದಲ್ಲಿ ಸ್ಟಿಕ್ ಹಿಡಿದು, ಎಷ್ಟೋ ತಡವಾಗಿ ಟರ್ಫ್ ನೋಡುತ್ತಾರೆ.

ಕೊಡಗಿನ ಮಾತು ಇಲ್ಲಿ ಬರಲೇಬೇಕು. ಪಾಂಡಂಡ ಕುಟ್ಟಪ್ಪ 1997ರಲ್ಲಿ ಕರಡದಲ್ಲಿ 60 ಕುಟುಂಬಗಳೊಂದಿಗೆ ಶುರುಮಾಡಿದ ಕೊಡವ ಕೌಟುಂಬಿಕ ಹಾಕಿ ಉತ್ಸವಕ್ಕೆ 2024ರ ನಾಪೋಕ್ಲುವಿನಲ್ಲಿ 360 ಕುಟುಂಬಗಳ ತಂಡಗಳು ಬಂದವು. ಅಜ್ಜ, ಮೊಮ್ಮಗ, ಸೊಸೆ ಒಂದೇ ತಂಡದಲ್ಲಿ ಆಡುವ ಇಂಥ ಪ್ರೀತಿ ಬೇರೆಲ್ಲಿದೆ? ಆದರೂ ರಿಯೊದಲ್ಲಿ ರಘುನಾಥ್, ಸುನಿಲ್, ಎಸ್.ಕೆ. ಉತ್ತಪ್ಪ, ನಿಕ್ಕಿನ್ ತಿಮ್ಮಯ್ಯ ಎಂದು ನಾಲ್ವರನ್ನು ಕೊಟ್ಟಿದ್ದ ಕರ್ನಾಟಕದಿಂದ ಟೋಕಿಯೊ ಮತ್ತು ಪ್ಯಾರಿಸ್‌ನ ಪುರುಷರ ತಂಡಗಳಲ್ಲಿ ಯಾರೂ ಇರಲಿಲ್ಲ. ಪ್ರೀತಿಗೆ ಕೊರತೆಯಿಲ್ಲದ ಕಡೆ ಹತ್ತು ಹನ್ನೆರಡರ ಮಕ್ಕಳಿಗೆ ಟರ್ಫ್ ಸಿಗಬೇಕು, ವಾರ ವಾರವೂ ಪಂದ್ಯ ಸಿಗಬೇಕು. ಡ್ರಿಬ್ಲಿಂಗ್ ಕಲಿಸುವ ಶ್ರದ್ಧೆಯಿಂದಲೇ, ಎದುರಾಳಿ ಮೈಮೇಲೆ ಬರುವಾಗ ಗೋಲ್‌ಕೀಪರ್ ಬಳಿಯಿಂದ ಹೊರಬೀಳುವ ಮೊದಲ ಮೂರು ಪಾಸ್‌ಗಳನ್ನೂ ಕಲಿಸಬೇಕು. ರಾಜ್ಯದ ಹಾಕಿ ಆಡಳಿತ ಇದನ್ನೊಂದು ಕೆಲಸವೆಂದು ಎತ್ತಿಕೊಳ್ಳಬೇಕು.

2026ರ ಆಗಸ್ಟ್‌ನ ವಿಶ್ವಕಪ್ ಬೆಲ್ಜಿಯಂನ ವಾವ್ರ ಮತ್ತು ನೆದರ್‌ಲ್ಯಾಂಡ್ಸ್‌ನ ಆಮ್‌ಸ್ಟೆಲ್‌ವೀನ್‌ಗಳಿಗೆ ನಿಗದಿಯಾಗಿದೆ. ಆಮ್‌ಸ್ಟೆಲ್‌ವೀನ್‌ನಲ್ಲೇ 1973ರ ವಿಶ್ವಕಪ್ ಫೈನಲ್‌ ಆಡಿದ್ದ ಎಂ.ಪಿ. ಗಣೇಶ್ ನಾಯಕತ್ವದ ಭಾರತ, ನೆದರ್‌ಲ್ಯಾಂಡ್ಸ್ ಎದುರು 2–0ಯಿಂದ ಮುಂದಿದ್ದೂ 2–2 ಆಗಿ, ಪೆನಾಲ್ಟಿ ಸ್ಟ್ರೋಕ್‌ಗಳಲ್ಲಿ ಸೋತಿತ್ತು.